ಮಾಡ್ಯುಲರ್ ಕಿಚನ್ ಅಂದ್ರೆ ಪ್ಲೈವುಡ್ ಡಬ್ಬಗಳ ಸಾಲು: ಅಡುಗೆಮನೆ ಕ್ಯಾಬಿನೆಟ್ ನಾವೇ ಮಾಡ್ಕೊಳ್ಳೋ ಲೆಕ್ಕ

ಅಡುಗೆಮನೆ ಹೊಸದಾಗಿ ಮಾಡ್ಸೋಣ ಅಂತ ಯಾವ್ದೇ ಶೋರೂಮಿಗೆ ಹೋಗಿ, ಮೊದ್ಲು ಕೈಗೆ ಕೊಡೋದು ಬಣ್ಣದ ಕ್ಯಾಟಲಾಗು. ಅಕ್ರಿಲಿಕ್ಕಾ, ಪಿಯು ಪೇಂಟಾ, ಮ್ಯಾಟ್ ಲ್ಯಾಮಿನೇಟಾ, ಹ್ಯಾಂಡಲ್ ಬೇಕಾ ಬೇಡ್ವಾ ಅಂತ ಮಾತಾಡ್ತಾ ಒಂದು ಗಂಟೆ ಹೋಗ್ಬಿಡತ್ತೆ, ಮನೇಲಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಇಷ್ಟ ಆಗಿ ಅದಕ್ಕೊಂದು ಜಗಳ ಬೇರೆ. ಷಟರ್, ಅಂದ್ರೆ ಕ್ಯಾಬಿನೆಟ್ ಬಾಗಿಲು, ಅದರ ಹಿಂದೆ ಇರೋ ಡಬ್ಬ ಯಾವ ಪ್ಲೈನಲ್ಲಿ ಮಾಡ್ತೀರಾ, ಕಟ್ ಮಾಡಿದ ಅಂಚಿಗೆ ಏನು ಹಚ್ತೀರಾ ಅಂತ ಯಾರೂ ಕೇಳಲ್ಲ, ಅವರೂ ಹೇಳಲ್ಲ. ಆದ್ರೆ ನಾಲ್ಕೈದು ವರ್ಷ ಆದ್ಮೇಲೆ ತೊಂದ್ರೆ ಕೊಡೋದು ಬಣ್ಣ ಅಲ್ಲ, ಆ ಡಬ್ಬ. ಸಿಂಕ್ ಕೆಳಗಿನ ತಳ ಉಬ್ಬತ್ತೆ, ಹಿಂಜ್ ಸ್ಕ್ರೂ ಕಿತ್ಕೊಂಡು ಬಾಗಿಲು ಜೋತು ಬೀಳತ್ತೆ, ಡ್ರಾಯರ್ ಅರ್ಧಕ್ಕೇ ಸಿಕ್ಕಾಕೊಳ್ಳತ್ತೆ.

ಮಾಡ್ಯುಲರ್ ಕಿಚನ್ ಅಂತ ಎಷ್ಟೇ ದೊಡ್ಡದಾಗಿ ಹೇಳಿದ್ರೂ ಅದು ಪಕ್ಕಪಕ್ಕ ನಿಲ್ಸಿರೋ ಡಬ್ಬಗಳು ಅಷ್ಟೇ. ಒಂದು ಡಬ್ಬದ ಲೆಕ್ಕ ಸರಿಯಾಗಿ ಅರ್ಥ ಆದ್ರೆ ಹತ್ತು ಡಬ್ಬದ್ದೂ ಅರ್ಥ ಆದ ಹಾಗೆ. ಪೂರ್ತಿ ನೀವೇ ಮಾಡ್ತೀರೋ, ಕಟ್ಟಿಂಗ್ ಅಂಗಡೀಲಿ ಮಾಡ್ಸಿ ಜೋಡ್ಸೋದು ಮಾತ್ರ ಮನೇಲಿ ಮಾಡ್ತೀರೋ, ಇಲ್ಲಾ ಕಾರ್ಪೆಂಟರ್ ಕೈಲೇ ಎಲ್ಲ ಮಾಡ್ಸಿ ಪಕ್ಕದಲ್ಲಿ ನಿಂತು ನೋಡ್ತೀರೋ, ಮೂರಕ್ಕೂ ಅದೇ ಲೆಕ್ಕ. ಮರಗೆಲಸ ಹವ್ಯಾಸ ಇಲ್ಲದವರಿಗೆ ನಾನು ಹೇಳೋದು ಎರಡನೇ ದಾರಿ, ಯಾಕೆ ಅಂತ ಮುಂದೆ ಬರತ್ತೆ.

ಡಬ್ಬದಲ್ಲಿ ಇರೋದು ಇಷ್ಟು: ಎರಡು ಸೈಡ್ ಪ್ಯಾನೆಲ್, ಒಂದು ತಳ, ಮೇಲೆ ಹಿಂದೊಂದು ಮುಂದೊಂದು ಪಟ್ಟಿ, ಹಿಂಭಾಗಕ್ಕೆ ತೆಳು ಪ್ಲೈ, ಒಳಗೆ ಸಾಮಾನು ಇಡೋಕೆ ಒಂದು ತಟ್ಟು (ಶೆಲ್ಫ್). ಇದನ್ನ ಕಾರ್ಕಸ್ ಅಂತಾರೆ. ಅದು ನಾಲ್ಕು ಪ್ಲಾಸ್ಟಿಕ್ ಕಾಲಿನ ಮೇಲೆ ನಿಲ್ಲತ್ತೆ, ಮುಂದೆ ಷಟರ್ ಬರತ್ತೆ, ಮೇಲೆ ಗ್ರಾನೈಟ್ ಕೂರತ್ತೆ. ಕಾಲು ಮುಚ್ಚೋಕೆ ಮುಂದೆ ಒಂದು ಸ್ಕರ್ಟಿಂಗ್ ಪಟ್ಟಿ, ಅದು ಷಟರಿಗಿಂತ ಎರಡು ಮೂರು ಇಂಚು ಒಳಗಿರ್ಬೇಕು, ಇಲ್ದಿದ್ರೆ ಕಟ್ಟೆ ಹತ್ರ ನಿಂತ್ಕೊಂಡಾಗ ಕಾಲ್ಬೆರಳು ಹೋಗಿ ಬಡಿಯತ್ತೆ, ಬೆನ್ನು ಬಗ್ಸಿ ನಿಲ್ಲಬೇಕಾಗತ್ತೆ.

ಆದ್ರೆ ನಮ್ಮ ಕಡೆ ಒಂದು ತೊಡಕಿದೆ, ವಿದೇಶದ ಯೂಟ್ಯೂಬ್ ವಿಡಿಯೋ ನೋಡಿದ್ರೆ ಇದು ಗೊತ್ತಾಗಲ್ಲ. ಅವರಲ್ಲಿ ಖಾಲಿ ಗೋಡೆಗೆ ಮೊದ್ಲು ಡಬ್ಬ ಇಟ್ಟು ಆಮೇಲೆ ಮೇಲ್ಗಡೆ ಹಾಸು ಹಾಕ್ತಾರೆ. ನಮ್ಮ ಮನೆಗಳಲ್ಲಿ ಬಹಳಷ್ಟು ಕಡೆ ಕಟ್ಟೆ ಮೊದ್ಲೇ ನಿಂತಿರತ್ತೆ. ಕಡಪ ಕಲ್ಲನ್ನ ಲಂಬವಾಗಿ ನಿಲ್ಸಿ, ಅದರ ಮೇಲೆ ಇನ್ನೊಂದು ಕಡಪ, ಅದರ ಮೇಲೆ ಗ್ರಾನೈಟ್. ಅದನ್ನ ಒಡೆದು ಹೊಸದಾಗಿ ಮಾಡೋದಾ, ಇರೋ ಕಲ್ಲಿನ ಮಧ್ಯೆ ಡಬ್ಬ ತೂರ್ಸೋದಾ ಅನ್ನೋದೇ ಮೊದಲ ತೀರ್ಮಾನ. ಕಟ್ಟೆ ಎತ್ತರ ಸರಿ ಇದ್ದು, ಸಿಂಕ್ ಜಾಗ ಬದಲಾಯಿಸೋ ಅಗತ್ಯ ಇಲ್ಲ ಅಂದ್ರೆ ಒಡೀಬೇಡಿ. ಕಡಪ ಕಲ್ಲಿಗೆ ಗೆದ್ದಲು ಹಿಡಿಯಲ್ಲ, ನೀರಿಗೆ ಉಬ್ಬಲ್ಲ, ಅದಕ್ಕಿಂತ ಗಟ್ಟಿ ಕಾರ್ಕಸ್ ಯಾವ ಕಂಪ್ನಿನೂ ಕೊಡಲ್ಲ. ಅದರ ಮುಂದೆ ಫ್ರೇಮ್ ಹೊಡೆದು ಷಟರ್ ಹಾಕಿ, ಡ್ರಾಯರ್ ಬೇಕಾದ ಎರಡು ಮೂರು ಖಾನೆಗೆ ಮಾತ್ರ ಪ್ಲೈ ಡಬ್ಬ ಮಾಡಿ ಒಳಗೆ ಕೂರ್ಸಿ. ಖಾನೆ ಅಗಲ ಮಾತ್ರ ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೀಬೇಕು, ಮುಂದೆ ಮೂರು ಸಲ ಹಿಂದೆ ಮೂರು ಸಲ. ಗಾರೆಯಲ್ಲಿ ನಿಲ್ಸಿದ ಕಲ್ಲು ನೆಟ್ಟಗಿರೋದು ಅಪರೂಪ. ಬಂದ ಅಳತೆಗಳಲ್ಲಿ ಕಮ್ಮಿ ಇರೋದನ್ನ ತಗೊಂಡು ಅದಕ್ಕಿಂತ 6 ಎಂಎಂ ಚಿಕ್ಕದು ಮಾಡಿದ್ರೆ ಡಬ್ಬ ಸಲೀಸಾಗಿ ಒಳಗೆ ಹೋಗತ್ತೆ.

ಪೂರ್ತಿ ಒಡೆದು ಮಾಡೋರಿಗೆ ಕೆಲಸದ ಕ್ರಮ ಮುಖ್ಯ. ಮೊದ್ಲು ಪೇಪರ್ ಮೇಲೆ ಎಲ್ಲ ಡಬ್ಬದ ಅಗಲ, ಸ್ಟವ್ ಎಲ್ಲಿ, ಸಿಂಕ್ ಎಲ್ಲಿ, ಮಿಕ್ಸಿ ಎಲ್ಲಿ, ವಾಟರ್ ಪ್ಯೂರಿಫೈಯರ್ ಎಲ್ಲಿ ಅಂತ ತೀರ್ಮಾನ ಆಗ್ಬೇಕು. ಆಮೇಲೆ ಪ್ಲಂಬರ್ ಮತ್ತೆ ಎಲೆಕ್ಟ್ರಿಷಿಯನ್ ಗೋಡೆ ಕೊರೀಬೇಕು, ಅದಾದ್ಮೇಲೆ ಟೈಲ್ಸು, ಆಮೇಲೆ ಡಬ್ಬ, ಆಮೇಲೆ ಗ್ರಾನೈಟು, ಕೊನೆಗೆ ಷಟರ್. ಟೈಲ್ಸ್ ಹಾಕಿದ್ಮೇಲೆ ಅಯ್ಯೋ ಡಿಶ್‌ವಾಷರ್ ಪಾಯಿಂಟ್ ಮರ್ತೋಯ್ತು ಅಂದ್ರೆ ಮತ್ತೆ ಒಡೆಯೋದೇ. ಓವನ್ನು, ಡಿಶ್‌ವಾಷರ್ರು, ಇಂಡಕ್ಷನ್ನಿಗೆ 16 ಆಂಪ್ ಪಾಯಿಂಟ್ ಬೇರೆಬೇರೆ ಇರ್ಲಿ. 2000 ವ್ಯಾಟ್ ಇಂಡಕ್ಷನ್ ಒಂದೇ 230 ವೋಲ್ಟಲ್ಲಿ 8.7 ಆಂಪ್ ಎಳೆಯತ್ತೆ, ಅದನ್ನ 6 ಆಂಪ್ ಸಾಕೆಟ್ಟಿಗೆ ಚುಚ್ಚೋ ಹಾಗಿಲ್ಲ. ಅಪಾರ್ಟ್‌ಮೆಂಟ್ ಆದ್ರೆ ಇನ್ನೊಂದು ವಿಷ್ಯ, ಈಗಿನ ಎತ್ತರದ ಕಟ್ಟಡಗಳಲ್ಲಿ ಬಹಳಷ್ಟು ಅಲ್ಯೂಮಿನಿಯಂ ಫಾರ್ಮ್‌ವರ್ಕಲ್ಲಿ ಕಟ್ಟಿರೋದು, ಜನ ಮಿವಾನ್ ಅಂತಾರಲ್ಲ ಅದು. ಅಲ್ಲಿ ಒಳಗೋಡೆನೂ ಕಬ್ಬಿಣ ಹಾಕಿದ ಕಾಂಕ್ರೀಟೇ, ಕಟ್ಟಡದ ಭಾರ ಹೊರೋ ಗೋಡೆ, ಪೈಪಿಗೆ ಅಂತ ಕೊರೆಯೋ ಹಾಗಿಲ್ಲ. ಪೈಪು ವಯರು ಏನಿದ್ರೂ ಗೋಡೆ ಮೇಲೇ ಓಡ್ಸಿ ಡಬ್ಬದ ಹಿಂದೆ ಮುಚ್ಬೇಕು, ಹಾಗಾಗಿ ಡಬ್ಬದ ಆಳದಲ್ಲಿ ಎರಡು ಇಂಚು ಮೊದ್ಲೇ ಬಿಟ್ಕೊಳ್ಳಿ.

ಅಳತೆ ತಗೊಳ್ಳೋವಾಗ ಗೋಡೆ ನೇರ ಇದೆ, ಮೂಲೆ ಚೌಕ ಇದೆ, ನೆಲ ಸಮ ಇದೆ ಅಂತ ನಂಬೋದೇ ಬೇಡ. ಮೂಲೆ ನೋಡೋಕೆ ಒಂದು ಗೋಡೆ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತು ಹಾಕಿ, ಎರಡು ಗುರುತಿನ ಮಧ್ಯೆ ಸರಿಯಾಗಿ 5 ಅಡಿ ಬಂದ್ರೆ ಮೂಲೆ ಚೌಕ. ಚಿಕ್ಕ ಮೂಲೆಮಟ್ಟ ಇಟ್ಟು ನೋಡಿದ್ರೆ ಪ್ಲಾಸ್ಟರಿನ ಉಬ್ಬು ಮೋಸ ಮಾಡತ್ತೆ. ನೆಲಕ್ಕೆ ರಸಮಟ್ಟಕ್ಕಿಂತ ಟ್ಯೂಬ್ ಲೆವೆಲ್ ವಾಸಿ, ನೀರು ತುಂಬಿದ ಪೈಪಿನ ಎರಡೂ ತುದೀಲಿ ನೀರು ಒಂದೇ ಎತ್ತರಕ್ಕೆ ನಿಲ್ಲತ್ತೆ, ಅದರಲ್ಲಿ ಗೋಡೆ ಸುತ್ತ ಒಂದು ಗೆರೆ ಎಳ್ಕೊಂಡು ಅಲ್ಲಿಂದ ನೆಲಕ್ಕೆ ಅಳೀತಾ ಹೋಗಿ, ಅಳತೆ ಎಲ್ಲಿ ಕಮ್ಮಿ ಬರತ್ತೋ ಅದೇ ನೆಲದ ಎತ್ತರದ ಜಾಗ. ಡಬ್ಬ ನಿಲ್ಸೋದು ಅಲ್ಲಿಂದ ಶುರು ಮಾಡ್ಬೇಕು, ಮಿಕ್ಕ ಕಡೆ ಕಾಲು ತಿರುಗ್ಸಿ ಎತ್ತರಿಸ್ಬಹುದು. ತಗ್ಗಿನಿಂದ ಶುರು ಮಾಡಿದ್ರೆ ಎತ್ತರದ ಜಾಗಕ್ಕೆ ಬರೋ ಹೊತ್ತಿಗೆ ಕಾಲು ತಗ್ಗಿಸೋಕೆ ಜಾಗನೇ ಇರಲ್ಲ.

ಎತ್ತರಕ್ಕೆ ನಮ್ಮ ಲೆಕ್ಕ ಹೀಗೆ: 100 ಎಂಎಂ ಕಾಲು, 720 ಎಂಎಂ ಡಬ್ಬ, 20 ಎಂಎಂ ಗ್ರಾನೈಟ್, ಒಟ್ಟು 840, ಅಂದ್ರೆ ಹೆಚ್ಚುಕಮ್ಮಿ 33 ಇಂಚು. ಮನೇಲಿ ಜಾಸ್ತಿ ಅಡುಗೆ ಮಾಡೋರು ನಿಂತು ಮೊಣಕೈ ಮಡಚಿದಾಗ ಮೊಣಕೈಗಿಂತ ನಾಲ್ಕರಿಂದ ಆರು ಇಂಚು ಕೆಳಗೆ ಕಟ್ಟೆ ಬಂದ್ರೆ ಹೆಚ್ಚೋಕೆ, ಲಟ್ಟಿಸೋಕೆ ಆರಾಮು. ಎತ್ತರದವರಿದ್ರೆ ಡಬ್ಬ ಹಾಗೇ ಇರ್ಲಿ, ಕಾಲು ಮಾತ್ರ 150 ಎಂಎಂದು ಹಾಕಿ. ಗ್ರಾನೈಟ್ ಆಳ 600 ಎಂಎಂ, ಡಬ್ಬದ ಆಳ 560, ಷಟರ್ ದಪ್ಪ ಸೇರಿದ್ರೆ 580, ಮುಂದೆ ಎರಡು ಸೆಂಟಿಮೀಟರ್ ಕಲ್ಲು ಚಾಚ್ಕೊಂಡಿರತ್ತೆ. ಆ ಚಾಚಿಕೊಂಡ ಕಲ್ಲಿನ ಅಡಿಭಾಗದಲ್ಲಿ ಉದ್ದಕ್ಕೂ ಒಂದು ಸಣ್ಣ ಗೀರು ಹಾಕ್ಸಿ, ಚೆಲ್ಲಿದ ನೀರು ಕಲ್ಲಿನಡಿ ಹರ್ಕೊಂಡು ಹೋಗಿ ಡಬ್ಬಕ್ಕೆ ಇಳಿಯಲ್ಲ, ಗೀರಿನ ಹತ್ರ ಬಂದು ತೊಟ್ಟಿಕ್ಕತ್ತೆ. ಕಲ್ಲು ಕುಯ್ಯೋರಿಗೆ ಮೊದ್ಲೇ ಹೇಳಿದ್ರೆ ಒಂದು ಗೀರು ಹಾಕೋದು ದೊಡ್ಡ ಕೆಲಸ ಏನಲ್ಲ.

ಸ್ಟವ್, ಸಿಂಕ್, ಫ್ರಿಜ್ ಮೂರರ ಮಧ್ಯೆ ತ್ರಿಕೋನ ಬರ್ಬೇಕು, ಮೂರೂ ಬದಿ ಸೇರಿ 13ರಿಂದ 26 ಅಡಿ ಇರ್ಬೇಕು ಅಂತ ಎಲ್ಲ ಡಿಸೈನರ್‌ಗಳೂ ಹೇಳ್ತಾರೆ. ಅದು 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ಯೂನಿವರ್ಸಿಟೀಲಿ ರೂಪುಗೊಂಡ ಲೆಕ್ಕ. ಅದಕ್ಕೂ ಮುಂಚೆ 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಲ್ಲಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಅನ್ನೋ ಆರ್ಕಿಟೆಕ್ಟ್ ಸಾಮಾನ್ಯ ಜನರ ಫ್ಲ್ಯಾಟುಗಳಿಗೆ ಅಂತ ಬರೀ 1.9 ಮೀಟರ್ ಅಗಲ 3.4 ಮೀಟರ್ ಉದ್ದದ ಅಡುಗೆಮನೆ ವಿನ್ಯಾಸ ಮಾಡಿದ್ರು, ಸುಮಾರು ಹತ್ತು ಸಾವಿರ ಮನೆಗೆ ಹಾಕಿದ್ರು, ಈಗಿನ ಫಿಟ್ಟೆಡ್ ಕಿಚನ್ನುಗಳ ಮೂಲ ಅದೇ ಅಂತಾರೆ. ಎರಡೂ ಯೋಚನೆ ಮಾಡಿದ್ದು ಒಬ್ಬರೇ ನಿಂತು ಮಾಡೋ ಅಡುಗೆಗೆ. ನಮ್ಮಲ್ಲಿ ಒಬ್ರು ದೋಸೆ ಹುಯ್ತಿದ್ರೆ ಇನ್ನೊಬ್ರು ಕಾಯಿ ತುರೀತಿರ್ತಾರೆ, ಮತ್ತೊಬ್ರು ಪಾತ್ರೆ ತೊಳೀತಿರ್ತಾರೆ. ಹಾಗಾಗಿ ನನಗೆ ತ್ರಿಕೋನಕ್ಕಿಂತ ಮುಖ್ಯ ಅನ್ಸೋದು ಸಿಂಕಿಗೂ ಸ್ಟವ್ವಿಗೂ ಮಧ್ಯೆ ಕನಿಷ್ಠ ಮೂರಡಿ ಖಾಲಿ ಕಟ್ಟೆ. ಹೆಚ್ಚೋದು, ಕಲ್ಸೋದು, ಕುಕ್ಕರ್ ಇಳ್ಸಿ ಇಡೋದು ಎಲ್ಲ ಅಲ್ಲೇ ತಾನೇ ನಡೆಯೋದು.

ಈಗ ಪ್ಲೈ. ಬೆಂಗಳೂರಲ್ಲಾದ್ರೆ ಸಿದ್ದಯ್ಯ ರೋಡಿಗೋ ಮೈಸೂರು ರೋಡಿನ ಟಿಂಬರ್ ಯಾರ್ಡ್ ಲೇಔಟಿಗೋ ಹೋಗ್ತೀರಿ, ಎಲ್ಲ ಅಂಗಡೀಲೂ ವಾಟರ್‌ಪ್ರೂಫ್ ಸಾರ್ ಅಂತಾನೇ ಹೇಳ್ತಾರೆ. ಆ ಮಾತಿಗೆ ಅರ್ಥ ಇಲ್ಲ, ಶೀಟಿನ ಮೇಲಿರೋ ಮುದ್ರೆ ನೋಡಿ. ಐಎಸ್ ಅನ್ನೋದು ಭಾರತದ ಗುಣಮಟ್ಟದ ನಂಬರ್. ಐಎಸ್ 303, ಎಂಆರ್ (ತೇವ ಮಾತ್ರ ತಡೆಯೋದು) ಅಂತಿದ್ರೆ ಅದು ಕಮರ್ಷಿಯಲ್ ಪ್ಲೈ, ಯೂರಿಯಾ ಅಂಟಿಂದ ಅಂಟಿಸಿರೋದು, ಬೆಡ್‌ರೂಮ್ ವಾರ್ಡ್ರೋಬಿಗೆ ಸರಿ. ಬಿಡಬ್ಲ್ಯೂಆರ್ ಅಂದ್ರೆ ಕುದಿಯೋ ನೀರನ್ನ ಸ್ವಲ್ಪ ಹೊತ್ತು ತಡ್ಕೊಳ್ಳೋದು, ಟೆಸ್ಟಲ್ಲಿ 8 ಗಂಟೆ ಕುದಿಸ್ತಾರೆ. ಐಎಸ್ 710 ಅಂದ್ರೆ ಮರೀನ್ ಗ್ರೇಡು, ಫೀನಾಲ್ ಅಂಟು, 72 ಗಂಟೆ ಕುದಿಸಿದ್ರೂ ಪದರ ಬಿಡಬಾರ್ದು. ಐಎಸ್‌ಐ ಮುದ್ರೆ, ಅದರ ಕೆಳಗೆ ಲೈಸೆನ್ಸ್ ನಂಬರ್ ಎರಡೂ ಇರ್ಬೇಕು. ಬರೀ 710 ಅಂತ ಪೇಂಟಲ್ಲಿ ಹೊಡೆದಿರೋ ಶೀಟುಗಳೂ ಓಡಾಡ್ತಾವೆ. ಅನುಮಾನ ಬಂದ್ರೆ ಒಂದು ಸಣ್ಣ ತುಂಡು ಕುಯ್ಸ್ಕೊಂಡು ಬಂದು ಹಳೇ ಪಾತ್ರೇಲಿ ಬೆಳಗ್ಗೆಯಿಂದ ಸಂಜೆವರೆಗೂ ಕುದಿಸಿ ನೋಡಿ, ಕಮ್ಮಿ ಅಂಟಿನದ್ದಾದ್ರೆ ಹಪ್ಪಳದ ಹಾಗೆ ಪದರ ಎದ್ದು ಬರತ್ತೆ.

ಇಡೀ ಕಿಚನ್ನಿಗೆ 710 ಬೇಕಾ? ನನ್ನ ಲೆಕ್ಕದಲ್ಲಿ ಬೇಡ. ಸಿಂಕಿನ ಡಬ್ಬ, ಅದರ ಪಕ್ಕದ್ದು, ನೆಲಕ್ಕೆ ಹತ್ತಿರ ಇರೋ ಎಲ್ಲಾ ತಳ, ಇಷ್ಟಕ್ಕೆ 710. ಮಿಕ್ಕ ಕೆಳಗಿನ ಡಬ್ಬಗಳಿಗೆ ಬಿಡಬ್ಲ್ಯೂಆರ್ ಸಾಕು. ಮೇಲಿನ ಡಬ್ಬಗಳಿಗೂ ಅದೇ. ಮರದ ನಾರು, ಪುಡಿ ಒತ್ತಿ ಮಾಡೋ ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಷಟರಿಗೆ ಮೇಲ್ಮೈ ನುಣುಪಾಗಿ ಚೆನ್ನಾಗಿರತ್ತೆ, ಆದ್ರೆ ಒಂದ್ಸಲ ಅಂಚಿಂದ ನೀರು ಕುಡಿದ್ರೆ ಉಬ್ಬಿದ್ದು ವಾಪಸ್ ಇಳಿಯಲ್ಲ. ಎಚ್‌ಡಿಎಚ್‌ಎಂಆರ್ ಅನ್ನೋ ತೇವ ತಡೆಯೋ ಬೋರ್ಡು ಅದಕ್ಕಿಂತ ಗಟ್ಟಿ, ತೂಕ ಜಾಸ್ತಿ. ಪ್ಲಾಸ್ಟಿಕ್ಕಿನ ಪಿವಿಸಿ, ಪ್ಲಾಸ್ಟಿಕ್ಕಿಗೆ ಮರದ ಪುಡಿ ಬೆರೆಸಿದ ಡಬ್ಲ್ಯೂಪಿಸಿ ಬೋರ್ಡಿಗೆ ನೀರಿನ ಭಯವೂ ಇಲ್ಲ ಗೆದ್ದಲಿನ ಭಯವೂ ಇಲ್ಲ, ಆದ್ರೆ ಸ್ಕ್ರೂ ಹಿಡಿತ ಕಮ್ಮಿ, ಸ್ಟವ್ ಪಕ್ಕದ ಬಿಸಿಗೆ ಮೆತ್ತಗಾಗತ್ತೆ, ಹಾಗಾಗಿ ಸಿಂಕ್ ಕೆಳಗಿನ ತಳಕ್ಕೆ ಮಾತ್ರ ನಾನು ಒಪ್ತೀನಿ.

ಇನ್ನು ಈ ಇಡೀ ಬರಹದಲ್ಲಿ ನಿಧಾನವಾಗಿ ಓದ್ಬೇಕಾದ್ದು ಮುಂದಿನ ಲೆಕ್ಕ. 600 ಎಂಎಂ ಅಗಲದ ಒಂದು ಡಬ್ಬ ತಗೊಳ್ಳೋಣ. ಸೈಡ್ ಪ್ಯಾನೆಲ್ ಎರಡು, ತಲಾ 720 ಎತ್ತರ 560 ಆಳ. ತಳ ಈ ಎರಡು ಸೈಡಿನ ಮಧ್ಯೆ ಕೂರತ್ತೆ, ಅಂದ್ರೆ 600ರಲ್ಲಿ ಎರಡು ದಪ್ಪ ಕಳೀಬೇಕು. 18 ಎಂಎಂ ಪ್ಲೈ ಅಲ್ವಾ, 600ರಲ್ಲಿ 36 ಹೋದ್ರೆ 564 ಅಂತ ಎಲ್ರೂ ಬರ್ಕೊಳ್ತಾರೆ. ಆದ್ರೆ ಒಳಗೂ ಹೊರಗೂ 0.8 ಎಂಎಂ ಲೈನರ್ (ತೆಳು ಲ್ಯಾಮಿನೇಟ್ ಹಾಳೆ) ಅಂಟಿಸಿದ್ಮೇಲೆ ಆ ಪ್ಲೈ 18 ಅಲ್ಲ, 19.6. ಎರಡು ಸೈಡಿಗೆ 39 ಚಿಲ್ಲರೆ. ತಳ ಬರ್ಬೇಕಾದ್ದು 561. ಈ 3 ಎಂಎಂ ಒಂದು ಡಬ್ಬದಲ್ಲಿ ಕಣ್ಣಿಗೇ ಬೀಳಲ್ಲ, ಆದ್ರೆ ಐದು ಡಬ್ಬ ಪಕ್ಕಪಕ್ಕ ನಿಲ್ಸಿದ್ರೆ 15 ಎಂಎಂ ಆಗತ್ತೆ, ಕೊನೇ ಡಬ್ಬ ಗೋಡೆಗೂ ಫ್ರಿಜ್ಜಿಗೂ ಮಧ್ಯೆ ಇಳಿಯೋದೇ ಇಲ್ಲ. ಅದಕ್ಕೇ ಶೀಟ್ ತಂದು ಲೈನರ್ ಪ್ರೆಸ್ ಮಾಡ್ಸಿ, ವರ್ನಿಯರ್ ಕ್ಯಾಲಿಪರಲ್ಲಿ ನಾಲ್ಕೂ ಮೂಲೆ ದಪ್ಪ ಅಳೆದ ಮೇಲೇ ಕಟಿಂಗ್ ಲಿಸ್ಟ್ ಬರೀರಿ. ಕೆಲವು ಶೀಟು 18 ಅಂತ ಹೇಳಿ 17ರ ಹತ್ರ ಇರತ್ತೆ, ಕ್ಯಾಲಿಬ್ರೇಟೆಡ್ ಅಂತ ಕೇಳಿ ತಗೊಂಡ್ರೆ ಎಲ್ಲ ಕಡೆ ಒಂದೇ ದಪ್ಪ ಸಿಗತ್ತೆ. ಲೈನರ್ ಒಂದೇ ಕಡೆ ಹಚ್ಚಿ ದುಡ್ಡು ಉಳ್ಸೋಣ ಅಂದ್ಕೋಬೇಡಿ, ಒಂದು ಕಡೆ ಮಾತ್ರ ಅಂಟಿಸಿದ ಪ್ಲೈ ಬಿಲ್ಲಿನ ಹಾಗೆ ಬಾಗತ್ತೆ, ಅದರಲ್ಲೂ ಷಟರ್.

8 ಅಡಿಗೆ 4 ಅಡಿ ಶೀಟ್ ಅಂದ್ರೆ 2440ಕ್ಕೆ 1220. ಇದರ ಉದ್ದಕ್ಕೆ 560ರ ಎರಡು ಪಟ್ಟಿ ಸೀಳ್ಸಿ, ಬ್ಲೇಡ್ ತಿನ್ನೋದು ಪ್ರತಿ ಸಲ 3 ಎಂಎಂ ಅಂತಿಟ್ಕೊಂಡ್ರೆ ಪಕ್ಕದಲ್ಲಿ 94 ಎಂಎಂ ಉಳಿಯತ್ತೆ. ಡಬ್ಬದ ಮೇಲ್ಗಡೆ ಹಿಂದೆ ಮುಂದೆ ಬರೋ ಪಟ್ಟಿಗಳ ಅಗಲನ ರೂಢಿ ಪ್ರಕಾರ 100 ಎಂಎಂ ಅಂತ ಬರೆದಿದ್ರೆ ಈ 94 ವೇಸ್ಟು, ಅದೇ 90 ಅಂತ ಬರೆದ್ರೆ ಆ ಉಳಿದ ಚೂರಲ್ಲೇ ಎಲ್ಲ ಪಟ್ಟಿ ಬಂದ್ಬಿಡತ್ತೆ, ಗಟ್ಟಿಗೇನೂ ಕಮ್ಮಿ ಆಗಲ್ಲ. 560ರ ಒಂದು ಪಟ್ಟೀಲಿ 720ರ ಮೂರು ಸೈಡ್ ಬರತ್ತೆ, ಇನ್ನೊಂದರಲ್ಲಿ 561ರ ನಾಲ್ಕು ತುಂಡು. ಹೀಗೆ ಎರಡು ಶೀಟಲ್ಲಿ ಮೂರು ಡಬ್ಬಕ್ಕೆ ಬೇಕಾದ ಆರು ಸೈಡು, ಮೂರು ತಳ, ಮೂರು ತಟ್ಟು, ಆರು ಪಟ್ಟಿ ಎಲ್ಲ ಆಗಿ ನಾಲ್ಕಡಿ ಉದ್ದದ ಒಂದು ತುಂಡು ಮಿಗತ್ತೆ. ಪ್ಲೈಯ ಎಳೆ ಕೂಡ ಸೈಡಲ್ಲಿ ನಿಂತಿರತ್ತೆ, ತಳದಲ್ಲಿ ಅಡ್ಡ ಓಡತ್ತೆ, ಭಾರಕ್ಕೆ ಬೇಕಾದ್ದು ಅದೇ. ಷಟರ್ ಮತ್ತೆ ಬೆನ್ನಿನ 6 ಎಂಎಂ ಪ್ಲೈ ಇದರಲ್ಲಿ ಸೇರಿಲ್ಲ, ಅದು ಬೇರೆ ಲೆಕ್ಕ. ಕಾರ್ಪೆಂಟರ್ ಎಷ್ಟು ಶೀಟು ಬೇಕು ಅಂತ ಹೇಳಿದಾಗ ಈ ಲೆಕ್ಕ ನಿಮ್ಮ ಹತ್ರ ಇದ್ರೆ ಮಾತು ಬೇಗ ಮುಗಿಯತ್ತೆ. ಹಾಗೇ ಯಾರಾದ್ರೂ ಸ್ಕ್ವೇರ್ ಫೀಟ್ ರೇಟ್ ಹೇಳಿದ್ರೆ, ಅದು ಎದುರಿಗೆ ಕಾಣೋ ಷಟರಿನ ಅಳತೆಗೋ ಒಳಗಿನ ಎಲ್ಲ ಪ್ಲೈ ಸೇರಿಯೋ ಅಂತ ಮೊದ್ಲು ಕೇಳಿ, ಎರಡರ ಮಧ್ಯೆ ಬಿಲ್ಲು ಪೂರ್ತಿ ಬದಲಾಗತ್ತೆ.

ಕಟ್ಟಿಂಗ್ ಮನೇಲಿ ಮಾಡ್ಬೇಡಿ ಅಂತ ಹೇಳಿದ್ದು ಇದಕ್ಕೇ. ಅಂಗಡೀಲಿರೋ ಪ್ಯಾನೆಲ್ ಸಾ ಎಂಟಡಿ ಉದ್ದಕ್ಕೂ ಅರ್ಧ ಎಂಎಂ ಹೆಚ್ಚುಕಮ್ಮಿ ಇಲ್ದೆ ಸೀಳತ್ತೆ, ಲ್ಯಾಮಿನೇಟ್ ಅಂಚು ಚಿಪ್ ಆಗಲ್ಲ. ಮನೇಲಿ ನಾವು ನೋಡೋದು ಕಲ್ಲು ಕುಯ್ಯೋ ಮಾರ್ಬಲ್ ಕಟ್ಟರಿಗೆ ಮರದ ಬ್ಲೇಡ್ ಹಾಕ್ಕೊಂಡು ಕೈಯಲ್ಲಿ ಹಿಡಿದು ಕುಯ್ಯೋದು, ಅದು ಹಿಂದಕ್ಕೆ ಒದ್ರೆ ಬೆರಳು ಹೋಗತ್ತೆ. ಅದೇ ಅಂಗಡಿಗಳಲ್ಲಿ ಎಡ್ಜ್ ಬ್ಯಾಂಡಿಂಗ್, ಅಂದ್ರೆ ಕಟ್ ಆದ ಅಂಚಿಗೆ ಪ್ಲಾಸ್ಟಿಕ್ ಪಟ್ಟಿ ಅಂಟಿಸೋ ಮಷಿನ್ನೂ ಇರತ್ತೆ, ಅಡಿ ಲೆಕ್ಕದಲ್ಲಿ ಹೊಡ್ಕೊಡ್ತಾರೆ. ಕಾಣೋ ಅಂಚಿಗೆ ಮಾತ್ರ ಅಲ್ಲ, ನಾಲ್ಕೂ ಅಂಚಿಗೆ ಹೊಡ್ಸಿ. ಪ್ಲೈ ನೀರು ಕುಡಿಯೋದು ಮುಖದಿಂದ ಅಲ್ಲ ಅಂಚಿಂದ, ಮುಖಕ್ಕೆ ಲ್ಯಾಮಿನೇಟ್ ಇದ್ದೇ ಇರತ್ತೆ. ಷಟರಿಗೆ 2 ಎಂಎಂ ಬ್ಯಾಂಡ್ ಹಾಕ್ಸೋದಾದ್ರೆ ಎರಡು ಕಡೆ ಸೇರಿ 4 ಎಂಎಂ ಕಳೆದು ಕುಯ್ಸಬೇಕು. 600ರ ಡಬ್ಬಕ್ಕೆ ಎರಡು ಷಟರ್ ಅಂದ್ರೆ ತಲಾ 297, ಕುಯ್ಯೋ ಅಳತೆ 293.

ಜೋಡ್ಸೋದು ಸಂಜೆ ಹೊತ್ತಲ್ಲಿ ಯಾರು ಬೇಕಾದ್ರೂ ಮಾಡೋ ಕೆಲಸ. ಸೈಡಿನ ಅಂಚಿಂದ ಒಳಕ್ಕೆ ಅರ್ಧ ದಪ್ಪದಷ್ಟು ದೂರದಲ್ಲಿ ಗೆರೆ ಎಳೆದು ಮೊದ್ಲು ಮೂರು ಎಂಎಂ ಡ್ರಿಲ್ ಬಿಟ್ ಹಾಕಿ ತೂತು ಕೊರೀರಿ, ಆಮೇಲೆ 50 ಎಂಎಂ ಸ್ಕ್ರೂ. ತೂತು ಕೊರೀದೆ ಸ್ಕ್ರೂ ಬಿಟ್ರೆ ಪ್ಲೈಯ ಪದರ ಸೀಳತ್ತೆ. ಜಿಪ್ಸಮ್ ಬೋರ್ಡಿಗೆ ಹಾಕೋ ಕಪ್ಪು ಸ್ಕ್ರೂ ಬೇಡ, ಭಾರ ಬಿದ್ರೆ ತಲೆ ಕಿತ್ತೋಗತ್ತೆ. ನಾಲ್ಕು ಮೂಲೆ ಅರ್ಧ ಬಿಗಿ ಮಾಡಿ, ಆಮೇಲೆ ಕರ್ಣ ಅಳೀರಿ, ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ, ಆಮೇಲೆ ಅದರ ಉಲ್ಟಾ. 600ಕ್ಕೆ 720 ಡಬ್ಬದಲ್ಲಿ ಎರಡೂ 937 ಬರ್ಬೇಕು. ಒಂದು 939 ಒಂದು 935 ಬಂದ್ರೆ ಡಬ್ಬ ಓರೆ ಇದೆ ಅಂತ, ಜಾಸ್ತಿ ಇರೋ ಮೂಲೆಗಳನ್ನ ಕ್ಲ್ಯಾಂಪಲ್ಲಿ ಒತ್ತಿ ಸರಿ ಮಾಡಿ, ಹಾಗೇ ಹಿಡ್ಕೊಂಡು ಬೆನ್ನಿನ ಪ್ಲೈ ಹೊಡೀರಿ. ಬೆನ್ನು ಕೂತ್ಮೇಲೆ ಡಬ್ಬ ಆಕಾರ ಬದಲಾಯಿಸಲ್ಲ. ಆ ತೆಳು ಪ್ಲೈ ಇರೋದೇ ಡಬ್ಬನ ಚೌಕದಲ್ಲಿ ಹಿಡಿಯೋಕೆ, ಜಿರಳೆ ತಡೆಯೋಕೆ ಅಂತ ಮಾತ್ರ ಅಲ್ಲ. ಗೋಡೆ ಇದ್ಯಲ್ಲ ಬೆನ್ನು ಯಾಕೆ ಅಂತ ಬಿಡೋರ ಮನೇಲೇ ಷಟರ್ ಸಾಲು ಹಾವಿನ ಹಾಗೆ ಕಾಣೋದು.

ಹಿಂಜ್ ವಿಷ್ಯದಲ್ಲಿ ಇಂಚು ಬಿಟ್ಟು ಎಂಎಂಗೆ ಬರ್ಲೇಬೇಕು. ನಮ್ಮ ಕಾರ್ಪೆಂಟರ್‌ಗಳು ಸೂತ್ ಲೆಕ್ಕ ಹಾಕ್ತಾರೆ, ಇಂಚಿಗೆ ಎಂಟು ಸೂತ್, ಒಂದು ಸೂತ್ ಅಂದ್ರೆ 3 ಎಂಎಂ ಚಿಲ್ಲರೆ. ಎರಡು ಷಟರ್ ಮಧ್ಯೆ ಬಿಡೋ ಗ್ಯಾಪೇ 3 ಎಂಎಂ! ಒಂದು ಸೂತ್ ಆಚೆ ಈಚೆ ಆದ್ರೆ ಒಂದೋ ಬಾಗಿಲು ಉಜ್ಜತ್ತೆ, ಇಲ್ಲಾ ಕಿಂಡಿ ಬಿಡತ್ತೆ. ಹೆಟ್ಟಿಚ್, ಹಾಫೆಲೆ, ಬ್ಲಮ್, ಎಬ್ಕೋ ಯಾವ ಕಂಪ್ನಿದೇ ತಗೊಳ್ಳಿ, ಕಪ್ ಹಿಂಜಿನ ಬಟ್ಟಲು 35 ಎಂಎಂ. ಷಟರ್ ಅಂಚಿಂದ ಆ ತೂತಿನ ನಡುವಿಗೆ 22 ಎಂಎಂ ಇಟ್ಕೊಂಡ್ರೆ ಸಾಮಾನ್ಯವಾಗಿ ಸರಿ ಹೋಗತ್ತೆ, ಆಳ ಹಿಂಜ್ ಜೊತೆ ಬರೋ ಕಾಗದದಲ್ಲಿ ಇರತ್ತೆ. ಡಬ್ಬದ ಒಳಗೆ ಹಿಂಜ್ ಕೂರೋ ಪ್ಲೇಟಿನ ಸ್ಕ್ರೂ ಮುಂದಿನ ಅಂಚಿಂದ 37 ಎಂಎಂ. ಡಬ್ಬದ ಸೈಡ್ ಪೂರ್ತಿ ಮುಚ್ಚೋ ಬಾಗಿಲಿಗೆ ಫುಲ್ ಓವರ್‌ಲೇ, ಒಂದೇ ಸೈಡನ್ನ ಎರಡು ಬಾಗಿಲು ಹಂಚ್ಕೊಂಡ್ರೆ ಹಾಫ್, ಒಳಗೆ ಕೂರೋ ಬಾಗಿಲಿಗೆ ಇನ್‌ಸೆಟ್. ಅಂಗಡೀಲಿ ಇದನ್ನೇ 0 ಕ್ರ್ಯಾಂಕ್, 8 ಕ್ರ್ಯಾಂಕ್, 16 ಕ್ರ್ಯಾಂಕ್ ಅಂತ ಕೇಳ್ಬೇಕು. ಹಳೇ ಕಡಪ ಖಾನೆಗೆ ಫ್ರೇಮ್ ಹೊಡೆದು ಬಾಗಿಲನ್ನ ಒಳಗೆ ಕೂರಿಸ್ತೀರಾದ್ರೆ ಬೇಕಾದ್ದು ಈ ಕೊನೇದು.

ಡ್ರಾಯರ್ ಎಳೆಯೋಕೆ ಪಕ್ಕಕ್ಕೆ ಹಾಕೋ ಜಾರುಪಟ್ಟಿ, ಅಂದ್ರೆ ಟೆಲಿಸ್ಕೋಪಿಕ್ ಚಾನೆಲ್, ಒಂದೊಂದು ಕಡೆ 13 ಎಂಎಂ ಜಾಗ ತಗೊಳ್ಳತ್ತೆ, ಹಾಗಾಗಿ 561 ಒಳ ಅಗಲದ ಡಬ್ಬದಲ್ಲಿ ಡ್ರಾಯರಿನ ಹೊರ ಅಗಲ 535. ಬಿಗಿಯಾಗಿ ಇರ್ಲಿ ಅಂತ 537 ಮಾಡಿದ್ರೆ ಚಾನೆಲ್ಲಿನ ಬೇರಿಂಗ್ ಹಿಡ್ಕೊಳ್ಳತ್ತೆ. 560 ಆಳಕ್ಕೆ 20 ಇಂಚಿನ ಚಾನೆಲ್ ಆರಾಮಾಗಿ ಕೂರತ್ತೆ. ಕೆಳಗಿನ ಡಬ್ಬಗಳಲ್ಲಿ ಬಾಗಿಲಿಗಿಂತ ಡ್ರಾಯರ್ ಜಾಸ್ತಿ ಮಾಡಿ, ಖರ್ಚು ಹೆಚ್ಚು ನಿಜ, ಆದ್ರೆ ಮಂಡಿನೋವಿರೋ ಅಮ್ಮ ಕೂತ್ಕೊಂಡು ಹಿಂದಿನ ಸಾಲಿನ ಡಬ್ಬ ಹುಡುಕೋದು ತಪ್ಪತ್ತೆ.

ಎಲ್ ಆಕಾರದ ಮೂಲೆಗೆ ಅಂಗಡಿಯವರು ಎಳೆದ್ರೆ ಹೊರಗೆ ಬರೋ, ತಿರುಗೋ ತಟ್ಟೆಗಳಿರೋ ಮ್ಯಾಜಿಕ್ ಕಾರ್ನರು, ಕ್ಯಾರೊಸೆಲ್ಲು ಎಲ್ಲ ತೋರಿಸ್ತಾರೆ. ದುಡ್ಡು ದಂಡ ಅಂತ ನನ್ನ ಅಭಿಪ್ರಾಯ. ವರ್ಷಕ್ಕೆರಡು ಸಲ ತೆಗೆಯೋ ಹಬ್ಬದ ಪಾತ್ರೆ, ದೊಡ್ಡ ಬಾಣಲೆ, ಕಡುಬಿನ ಪಾತ್ರೆ ಆ ಮೂಲೇಲಿಟ್ಟು ಸುಮ್ನೆ ಒಂದು ಬಾಗಿಲು ಹಾಕಿ. ಆದ್ರೆ ಮೂಲೆಯ ಎರಡೂ ಕಡೆ 50 ಎಂಎಂ ಫಿಲ್ಲರ್ ಪಟ್ಟಿ ಬಿಡೋದು ಮರೀಬೇಡಿ, ಇಲ್ದಿದ್ರೆ ಒಂದು ಕಡೆಯ ಡ್ರಾಯರ್ ಎಳೆದ್ರೆ ಇನ್ನೊಂದು ಕಡೆಯ ಹ್ಯಾಂಡಲಿಗೆ ಬಡಿಯತ್ತೆ.

ಸಿಂಕ್ ಡಬ್ಬ ಎಲ್ಲಕ್ಕಿಂತ ಕಷ್ಟ ಅನುಭವಿಸೋದು. ಅದಕ್ಕೆ ಬೆನ್ನು ಹಾಕೋದಾದ್ರೆ ಆಂಗಲ್ ವಾಲ್ವ್ (ನಲ್ಲಿಗೆ ನೀರು ನಿಲ್ಸೋ ತಿರುಪು) ಹತ್ರ ಕೈ ಹೋಗೋ ಹಾಗೆ ಕಿಂಡಿ ಕುಯ್ಯಿರಿ, ಪೈಪ್ ತೂರೋ ತೂತಿನ ಒಳ ಅಂಚಿಗೂ ಸಿಲಿಕಾನ್ ಹಚ್ಚಿ. ನಮ್ಮಲ್ಲಿ ನೆಲ ತೊಳೆಯೋದು ಬಕೆಟ್ ನೀರು ಹುಯ್ದು, ಹಾಗಾಗಿ ಡಬ್ಬದ ತಳ ಯಾವತ್ತೂ ನೆಲ ಮುಟ್ಬಾರ್ದು, ಸ್ಕರ್ಟಿಂಗ್ ಕೂಡ ಪ್ಲೈ ಬೇಡ, ಪಿವಿಸಿ ಇಲ್ಲಾ ಅಲ್ಯೂಮಿನಿಯಂ ಹಾಕಿ, ಕ್ಲಿಪ್ಪಲ್ಲಿ ಕಳಚೋ ತರ ಇದ್ರೆ ಇನ್ನೂ ಒಳ್ಳೇದು.

ಗ್ಯಾಸ್ ಸಿಲಿಂಡರನ್ನ ಡಬ್ಬದೊಳಗೆ ಮುಚ್ಚಿಡೋ ಆಸೆ ಎಲ್ರಿಗೂ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರೆ ನೆಲದಲ್ಲಿ ಕೂತ್ಕೊಳ್ಳತ್ತೆ, ಮುಚ್ಚಿದ ಡಬ್ಬದೊಳಗೆ ಸೋರಿದ್ರೆ ಬಾಗಿಲು ತೆಗೆಯೋವರೆಗೂ ವಾಸನೆನೂ ಬರಲ್ಲ. 14.2 ಕೆಜಿ ಸಿಲಿಂಡರ್ ಇಡೋ ಖಾನೆಗೆ ತಳದ ಪ್ಲೈ ಬೇಡ, ನೇರ ನೆಲದ ಮೇಲಿರ್ಲಿ, ಬಾಗಿಲಿನ ಕೆಳಭಾಗದಲ್ಲಿ ಜಾಲರಿಯೋ ಲೂವರ್ ಪಟ್ಟಿಯೋ ಇರ್ಬೇಕು. ರಬ್ಬರ್ ಪೈಪನ್ನ ಗೋಡೆಯೊಳಗೆ, ಡ್ರಾಯರ್ ಹಿಂದೆ ಕಣ್ಣಿಗೆ ಕಾಣದ ಹಾಗೆ ಓಡಿಸ್ಬೇಡಿ, ಐದು ವರ್ಷಕ್ಕೊಮ್ಮೆ ಬದಲಾಯಿಸ್ಬೇಕು ಅದನ್ನ. ಬೆಂಗಳೂರಲ್ಲಿ ಗೇಲ್ ಗ್ಯಾಸ್ ಪೈಪ್‌ಲೈನ್ ಬಂದಿರೋ ಮನೆಗಳಿಗೆ ಲೆಕ್ಕ ಉಲ್ಟಾ, ಅದು ನ್ಯಾಚುರಲ್ ಗ್ಯಾಸು, ಗಾಳಿಗಿಂತ ಹಗುರ, ಮೇಲಕ್ಕೆ ಏರತ್ತೆ, ಗಾಳಿಕಿಂಡಿ ಮೇಲ್ಗಡೆ ಬೇಕು. ಎರಡರಲ್ಲೂ ಕನೆಕ್ಷನ್ ಕೆಲಸಕ್ಕೆ ಏಜೆನ್ಸಿಯವರನ್ನೇ ಕರೀರಿ, ಇದು ನಾವೇ ಮಾಡ್ಕೊಳ್ಳೋ ಕೆಲಸಗಳ ಪಟ್ಟೀಲಿ ಇಲ್ಲ.

ಮೇಲಿನ ಡಬ್ಬಗಳ ಆಳ 12ರಿಂದ 13 ಇಂಚು ಸಾಕು, ಕಟ್ಟೆಯಿಂದ ಎರಡಡಿ ಮೇಲೆ. ಭಾರ ಹೊರೋದು ಬೆನ್ನಿನ 6 ಎಂಎಂ ಪ್ಲೈ ಅಲ್ಲ, ಡಬ್ಬದೊಳಗೆ ಮೇಲ್ಗಡೆ ಒಂದು 18 ಎಂಎಂ ಪಟ್ಟಿ ಸೈಡುಗಳಿಗೆ ಸ್ಕ್ರೂ ಮಾಡಿ, ಆ ಪಟ್ಟಿ ಮೂಲಕ ಗೋಡೆಗೆ ಫಾಸ್ಟನರ್ ಹೊಡೀಬೇಕು. ಇಟ್ಟಿಗೆ ಗೋಡೆ, ಸಾಲಿಡ್ ಬ್ಲಾಕ್ ಆದ್ರೆ ಚಿಂತೆ ಇಲ್ಲ, ಹಾಲೋ ಬ್ಲಾಕ್ ಆದ್ರೆ ಮಾಮೂಲಿ ಪ್ಲಗ್ ಹಿಡಿಯಲ್ಲ, ತೂತಿಗೆ ಅಂಟು ತುಂಬಿ ಕೂರಿಸೋ ಕೆಮಿಕಲ್ ಆಂಕರ್ ಬೇಕಾಗತ್ತೆ. ಕುಕ್ಕರ್ ವಿಷಲ್ ಹೊಡೆಯೋ ಜಾಗದ ನೇರಕ್ಕೆ ಡಬ್ಬ ಬಂದ್ರೆ ಅದರ ಕೆಳ ಅಂಚು ಮೊದ್ಲು ಬಿಡೋದು, ಆ ಒಲೆ ಚಿಮಣಿ ಅಡಿಗೆ ಬರೋ ಹಾಗೆ ನೋಡ್ಕೊಳ್ಳಿ. ಚಿಮಣಿ ಸ್ಟವ್ವಿಂದ 26ರಿಂದ 30 ಇಂಚು ಮೇಲೆ, ಹೊರಗೆ ಪೈಪ್ ಬಿಡೋದೇ ಇರ್ಲಿ, ಒಗ್ಗರಣೆ ಘಾಟು ಬರೀ ಫಿಲ್ಟರಿಗೆ ಜಗ್ಗಲ್ಲ.

ಮಂಗಳೂರು, ಉಡುಪಿ ಕಡೆಯವರಿಗೆ ಇಷ್ಟರ ಮೇಲೆ ತುಕ್ಕಿನ ಕಾಟ ಇದೆ, ಹಿಂಜು, ಚಾನೆಲ್ಲು, ಸ್ಕ್ರೂ ಎಲ್ಲ 304 ಗ್ರೇಡ್ ಸ್ಟೇನ್ಲೆಸ್ ಸ್ಟೀಲಿನದ್ದೇ ಕೇಳಿ. ಮಲೆನಾಡಲ್ಲಿ ಮಳೆಗಾಲ ಪೂರ್ತಿ ಗೋಡೆ ಥಂಡಿ, ಗೆದ್ದಲು ಬೇರೆ, ಅಲ್ಲಿ ಅಲ್ಯೂಮಿನಿಯಂ ಫ್ಯಾಬ್ರಿಕೇಷನ್ ಕಿಚನ್ ಮಾಡ್ಸೋರು ದಡ್ಡರಲ್ಲ. ಪ್ಲೈಯೇ ಬೇಕಂದ್ರೆ ಗೋಡೆಗೂ ಡಬ್ಬಕ್ಕೂ ಒಂದಿಂಚು ಗಾಳಿ ಆಡೋಕೆ ಬಿಡಿ.

ಎಲ್ಲ ಕೂರ್ಸಿ ಪಾತ್ರೆ ತುಂಬಿದ ಮೇಲೆ ಒಂದಿಷ್ಟು ದಿನಕ್ಕೆ ಭಾರಕ್ಕೆ ಡಬ್ಬಗಳು ಚೂರು ಕೂತ್ಕೊಳ್ತಾವೆ, ಬಾಗಿಲುಗಳ ಗ್ಯಾಪ್ ಏರುಪೇರಾಗತ್ತೆ. ಹಿಂಜಲ್ಲಿರೋ ಸ್ಕ್ರೂಗಳಲ್ಲಿ ಒಂದು ಎಡಬಲ, ಒಂದು ಒಳಗೆ ಹೊರಗೆ, ಇನ್ನೊಂದು ಮೇಲೆ ಕೆಳಗೆ ಸರಿಸತ್ತೆ, ಸ್ಟಾರ್ ಸ್ಕ್ರೂಡ್ರೈವರ್ ಹಿಡ್ಕೊಂಡು ಅರ್ಧರ್ಧ ಸುತ್ತು ತಿರುಗ್ಸಿ ಗ್ಯಾಪ್ ಸರಿ ಮಾಡಿ. ಗ್ರಾನೈಟಿಗೂ ಟೈಲ್ಸಿಗೂ ಮಧ್ಯೆ ಸಿಲಿಕಾನ್ ಹಾಕೋದನ್ನೂ ಅಲ್ಲೀವರೆಗೆ ತಡೆದ್ರೆ ವಾಸಿ, ಮೊದ್ಲೇ ಹಾಕಿದ್ರೆ ಕಲ್ಲು ಕೂತಾಗ ಬಿರುಕು ಬಿಡತ್ತೆ. ಷಟರ್ ಲ್ಯಾಮಿನೇಟಿನ ಹಿಂದೆ ಇರೋ ನಂಬರನ್ನ ಅಂಟಿಸೋಕೆ ಮುಂಚೆನೇ ಫೋಟೋ ತೆಗೆದಿಟ್ಕೊಳ್ಳಿ, ಮಿಕ್ಕಿದ ಒಂದು ತುಂಡನ್ನ ಸಜ್ಜಾ ಮೇಲೆ ಎಸೀರಿ, ಎರಡು ವರ್ಷ ಬಿಟ್ಟು ಒಂದು ಷಟರ್ ಬದಲಾಯಿಸ್ಬೇಕಾದಾಗ ಅಂಗಡಿಯವನು ಕೇಳೋದು ಅದನ್ನೇ.